ಬಯಲನ್ನೇ ಗುರುಮಾಡಿಕೊಂಡ ಚಿತ್ರಕಾರ

ಹೆಗ್ಗನಹಳ್ಳಿಯ ಒಂದು ಪಾಠಶಾಲೆಯ ಉಪಾಧ್ಯಾಯ ಮಿತ್ರರು, ತಮ್ಮಲ್ಲಿಯ ಮಕ್ಕಳ ಚಿತ್ರಪ್ರದರ್ಶನವನ್ನು ನೋಡಿ ಎರಡು ಮಾತನಾಡಬೇಕೆಂದು ಕೆಲವು ದಿನಗಳ ಹಿಂದೆ ನಮ್ಮನ್ನು ಕರೆದಿದ್ದರು. ಗೋಡೆಯುದ್ದಕ್ಕೂ ದಾರ ಕಟ್ಟಿ ನಲವತ್ತು ಚಿತ್ರಗಳನ್ನು ತೂಗುಹಾಕಿದ್ದರು. ನಾವು ಒಂದೊಂದನ್ನಾಗಿ ನೋಡುತ್ತ ಹೋದೆವು. ಹೋಗುತ್ತ ಹೋಗುತ್ತ ನಮ್ಮ ಮನಸ್ಸಿನಲ್ಲಿ ಮೊದಲು ಆಶ್ಚರ್ಯವೂ ಅನಂತರ ವ್ಯಥೆಯೂ ಹುಟ್ಟಿದವು. ನಲವತ್ತರಲ್ಲಿ ಮೂವತ್ತೊಂದು ಚಿತ್ರಗಳು ಒಂದೇ ಚಿತ್ರ! ತ್ರಿಕೋಣಾಕಾರದ ಎರಡು ಬೆಟ್ಟಗಳು. ಅವುಗಳ ನಡುವೆ ಕಿರಣಗಳುಳ್ಳ ಸೂರ್ಯ. ಬೆಟ್ಟದ ಸಂದಿಯಿಂದ ಇಳಿದು ಬರುವ ನದಿ. ದಡದಲ್ಲಿ ಹುಲ್ಲಿನ ಗುಡಿಸಲು, ಅದರ ಮಗ್ಗುಲಿಗೆ ಬಾಗಿದ ತೆಂಗಿನ ಮರ. ಆಕಾಶದಲ್ಲಿ ಪರೀಕ್ಷೆಯ ಕಾಗದದ ಮೇಲಿನ ಸರಿಗುರುತುಗಳಂತೆ ನಾಲ್ಕು ಹಕ್ಕಿಗಳು. ವಾಚಕರಲ್ಲಿ ಈ ಚಿತ್ರವನ್ನು ಬಾಲ್ಯದಲ್ಲಿ ಬರೆಯದವರು ಯಾರಾದರೂ ಉಂಟೇ?

ಆ ಚಿತ್ರಗಳಲ್ಲಿ ಒಂದನ್ನು ಬರೆದ ಹುಡುಗಿಯನ್ನು ಹತ್ತಿರಕ್ಕೆ ಕರೆದು, 'ಈ ಬೆಟ್ಟವನ್ನು ನೀನು ಎಲ್ಲಿ ಕಂಡೆಯಮ್ಮ?' ಎಂದು ಕೇಳಿದೆವು. 'ಮಿಸ್ಸು ಬೋರ್ಡಿನ ಮೇಲೆ ಬರೆದಿದ್ದರು ಸಾರ್' ಎಂದಳು. 'ನಿನ್ನ ಮನೆಯ ಬಾಗಿಲಲ್ಲಿ ನಿಂತರೆ ಏನೇನು ಕಾಣುತ್ತದೆ?' 'ನೀರಿನ ಟ್ಯಾಂಕರು, ಗಾರ್ಮೆಂಟ್ಸಿಗೆ ಹೋಗುವವರ ಬಸ್ಸು, ಒಂದು ಹೊಂಗೆ ಮರ.' 'ಅದನ್ನೇಕೆ ಬರೆಯಲಿಲ್ಲ?' ಮಗು ನಮ್ಮ ಮುಖವನ್ನು ನೋಡಿ, 'ಅದನ್ನೂ ಬರೆಯಬಹುದಾ ಸಾರ್?' ಎಂದು ಕೇಳಿತು.

ಈ ಪ್ರಶ್ನೆಯನ್ನು ನಾವು ಮನೆಗೆ ಹೊತ್ತು ತಂದೆವು. ನಾವು ವಕೀಲವೃತ್ತಿಯವರು. ನ್ಯಾಯಸ್ಥಾನದಲ್ಲಿ ತಾನು ಕಣ್ಣಾರೆ ಕಂಡುದನ್ನು ಹೇಳುವ ಸಾಕ್ಷಿಗೆ ಬೆಲೆಯುಂಟು. ಮತ್ತೊಬ್ಬರು ಹೇಳಿದುದನ್ನು ತಂದು ಒಪ್ಪಿಸುವ ಸಾಕ್ಷಿಯನ್ನು ಸಾಮಾನ್ಯವಾಗಿ ಕಟಕಟೆಯಿಂದ ಇಳಿಸಿಬಿಡುವರು. ಆದರೆ ನಮ್ಮ ಪಾಠಶಾಲೆಗಳ ಚಿತ್ರಲೇಖನದ ಗಂಟೆಯಲ್ಲಿ ಈ ನಿಯಮವು ತಲೆಕೆಳಗಾಗಿದೆ. ಅಲ್ಲಿ ಕೇಳಿದ ಸಾಕ್ಷ್ಯಕ್ಕೇ ಬಹುಮಾನ. ಕಂಡ ಸಾಕ್ಷ್ಯವನ್ನು ಕೇಳುವವರೇ ಇಲ್ಲ. ಈ ತಪ್ಪಿನ ಹೊಣೆಯನ್ನು ನಾವು ಆ ಉಪಾಧ್ಯಾಯಿನಿಯ ತಲೆಯ ಮೇಲೆ ಹೊರಿಸಲಾರೆವು. ಆಕೆಗೂ ಹಿಂದೆ ಯಾರೋ ಬೋರ್ಡಿನ ಮೇಲೆ ಅದೇ ಎರಡು ಬೆಟ್ಟಗಳನ್ನು ಬರೆದು ಕೊಟ್ಟಿದ್ದಿರಬೇಕು.

ಹೆಗ್ಗನಹಳ್ಳಿಯು ಬೆಂಗಳೂರಿನ ಪಶ್ಚಿಮಕ್ಕೆ ಸುಂಕದಕಟ್ಟೆಯ ಸಮೀಪದಲ್ಲಿ, ಪೀಣ್ಯದ ಕಾರ್ಖಾನೆಗಳ ಸೆರಗಿನಲ್ಲಿ ಇರುವ ಊರು. ಹೆಸರಿನಲ್ಲಿ ಹಳ್ಳಿ ಉಳಿದಿದೆ, ಹೊಲಗಳು ಉಳಿದಿಲ್ಲ. ನಾಡಿನ ನಾನಾ ಜಿಲ್ಲೆಗಳಿಂದ ಹೊಟ್ಟೆಯ ಪಾಡಿಗೆ ಬಂದ ಸಂಸಾರಗಳು ಇಲ್ಲಿ ನೆರೆದಿವೆ. ಈ ಊರಿನಿಂದ ಕೆಲವೇ ಮೈಲಿಗಳ ದೂರದಲ್ಲಿ, ರಾಜಾಜಿನಗರದಲ್ಲಿ, ತಾನು ಕಂಡುದನ್ನಲ್ಲದೆ ಬೇರೇನನ್ನೂ ಬರೆಯೆನೆಂದು ಹಟ ಹಿಡಿದ ಚಿತ್ರಕಾರರೊಬ್ಬರು ಬಾಳಿದರು. ಅವರ ಹೆಸರು ರುಮಾಲೆ ಚೆನ್ನಬಸವಯ್ಯ. ಈ ಹೆಸರನ್ನು ನಾವು ಅಂದು ಆ ಶಾಲೆಯಲ್ಲಿ ಎತ್ತಿದಾಗ ಮಕ್ಕಳಂತಿರಲಿ, ಉಪಾಧ್ಯಾಯರಲ್ಲಿಯೂ ಒಬ್ಬರು ಮಾತ್ರ ತಲೆಯಾಡಿಸಿದರು. ಅವರೂ 'ಸ್ವಾತಂತ್ರ್ಯದ ಹೋರಾಟಗಾರರಲ್ಲವೇ?' ಎಂದರೇ ಹೊರತು ಚಿತ್ರದ ಮಾತನ್ನು ಆಡಲಿಲ್ಲ. ಆದುದರಿಂದ ಇವರ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅಗತ್ಯವೆಂದು ತೋರುತ್ತದೆ.

ರುಮಾಲೆಯವರು 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದರು. ಅದು ನೇಕಾರರ ಊರು; ಬೀದಿ ಬೀದಿಯಲ್ಲಿ ಬಣ್ಣದ ನೂಲಿನ ಲಡಿಗಳು ಬಿಸಿಲಿಗೆ ತೂಗಾಡುವ ಊರು. ಇವರ ಕಣ್ಣಿಗೆ ಬಣ್ಣದ ಮೊದಲ ಅಕ್ಷರಾಭ್ಯಾಸ ಅಲ್ಲಿಯೇ ಆಗಿರಬೇಕೆಂದು ನಾವು ಊಹಿಸುತ್ತೇವೆ. ಇದು ಊಹೆ ಮಾತ್ರವೆಂದು ವಾಚಕರು ತಿಳಿಯಬೇಕು. ಪ್ರಾಯಕ್ಕೆ ಬಂದ ಮೇಲೆ ಬೆಂಗಳೂರಿನಲ್ಲಿ ಎ. ಎನ್. ಸುಬ್ಬರಾಯರು 1919ರಲ್ಲಿ ಸ್ಥಾಪಿಸಿದ್ದ ಕಲಾಮಂದಿರದಲ್ಲಿ ಕೆಲಕಾಲ, ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಕೆಲಕಾಲ ಅಭ್ಯಾಸ ಮಾಡಿದರು. ಅಷ್ಟರಲ್ಲಿ ಗಾಂಧೀಜಿಯವರ ಕರೆ ಬಂದಿತು. 1930ರ ಸುಮಾರಿನ ಆ ದಿನಗಳಲ್ಲಿ ಮನೆಯಲ್ಲಿ ಕೂತು ಬಣ್ಣ ಅರೆಯುವುದು ಅವರಿಂದ ಆಗಲಿಲ್ಲ. ಕುಂಚವನ್ನು ಕೆಳಗಿಟ್ಟರು, ಡಾಕ್ಟರ್ ನಾ. ಸು. ಹರ್ಡೀಕರರ ಹಿಂದೂಸ್ತಾನಿ ಸೇವಾದಳದ ಸ್ವಯಂಸೇವಕರಾದರು, ಸೆರೆಮನೆಯನ್ನು ಕಂಡರು. ಸ್ವಾತಂತ್ರ್ಯ ಬಂದ ಮೇಲೆ ಶಾಸಕರೂ ಆದರು, 'ತಾಯಿನಾಡು' ಪತ್ರಿಕೆಯ ಸಂಪಾದಕರೂ ಆದರು. ಇಷ್ಟೆಲ್ಲ ಆಗಿ ಐವತ್ತರ ಗಡಿಯನ್ನು ದಾಟಿದ ಮೇಲೆ, 1960ರ ದಶಕದಲ್ಲಿ, ರಾಜಕೀಯವನ್ನು ಬದಿಗೊತ್ತಿ ಪುನಃ ಕುಂಚವನ್ನು ಹಿಡಿದರು. 1988ರಲ್ಲಿ ತೀರಿಕೊಳ್ಳುವವರೆಗೆ ಅದನ್ನು ಬಿಡಲಿಲ್ಲ.

ಇವರನ್ನು ಸ್ವಯಂಶಿಕ್ಷಿತ ಚಿತ್ರಕಾರರೆಂದು ಕರೆಯಲಾಗುವುದೇ? ಎರಡು ಶಾಲೆಗಳ ಮೆಟ್ಟಿಲು ಹತ್ತಿದವರಲ್ಲವೇ ಎಂದು ಆಕ್ಷೇಪಿಸುವವರು ಇರಬಹುದು. ಆಕ್ಷೇಪದಲ್ಲಿ ಅರ್ಧ ಸತ್ಯವುಂಟು. ಆದರೆ ನಾವು ಕೇಳುವುದಿಷ್ಟೆ: ಇಪ್ಪತ್ತನೆಯ ವಯಸ್ಸಿಗೆ ಶಾಲೆ ಬಿಟ್ಟವನು ಮೂವತ್ತು ವರ್ಷ ಕುಂಚವನ್ನು ಬದಿಗಿಟ್ಟು, ಐವತ್ತು ದಾಟಿದ ಮೇಲೆ ಬರೆಯಹತ್ತಿದರೆ ಆ ಬರೆವಣಿಗೆ ಯಾರ ಪಾಠ? ಶಾಲೆಯಲ್ಲಿ ಅವರಿಗೆ ಸಿಕ್ಕಿದುದು ಓನಾಮ. ಬಣ್ಣವನ್ನು ನೀರಿಗೆ ಹೇಗೆ ಕಲಸಬೇಕು, ಕಾಗದವನ್ನು ಹಲಗೆಗೆ ಹೇಗೆ ಬಿಗಿಯಬೇಕು, ದೂರದ ಮನೆಯನ್ನು ಹೇಗೆ ಚಿಕ್ಕದು ಮಾಡಬೇಕು ಎಂಬಷ್ಟನ್ನು ಅಲ್ಲಿ ಕಲಿತಿರಬಹುದು. ಅವರ ಕೊನೆಗಾಲದ ಚಿತ್ರಗಳಲ್ಲಿ ಕಾಣುವ ಆ ದಟ್ಟವಾದ, ಚುಕ್ಕೆ ಚುಕ್ಕೆಯಾಗಿ, ಗೆರೆ ಗೆರೆಯಾಗಿ ಮುತ್ತಿಕೊಳ್ಳುವ ವರ್ಣರಚನೆಯನ್ನು ಯಾವ ಶಾಲೆಯೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಅದು ಬಯಲಿನಲ್ಲಿ ನಿಂತು ತಾವೇ ಸಂಪಾದಿಸಿದ್ದು.

ನಡುವಿನ ಮೂವತ್ತು ವರ್ಷಗಳು ಚಿತ್ರಕಲೆಗೆ ನಷ್ಟವಾದವೆಂದು ಮರುಗುವವರೂ ಉಂಟು. ನಮಗೆ ಹಾಗೆ ತೋರುವುದಿಲ್ಲ. ಆಗಿನ ಕನ್ನಡನಾಡು ಎಂತಹುದೆಂಬುದನ್ನು ಸ್ವಲ್ಪ ನೆನೆಯಿರಿ. ಮೈಸೂರು ಒಂದು ಸಂಸ್ಥಾನ. ಧಾರವಾಡ ಬಿಜಾಪುರಗಳು ಮುಂಬಯಿ ಇಲಾಖೆಗೆ. ಬಳ್ಳಾರಿ ಮಂಗಳೂರುಗಳು ಮದರಾಸಿಗೆ. ಕಲಬುರ್ಗಿ ರಾಯಚೂರುಗಳು ನಿಜಾಮರಿಗೆ. ಕೊಡಗು ತಾನೇ ಒಂದು. ಕನ್ನಡಿಗನು ಕನ್ನಡಿಗನ ಮನೆಗೆ ಹೋಗಲು ಪರರಾಜ್ಯದ ಗಡಿಯನ್ನು ದಾಟಬೇಕಾಗಿತ್ತು. 1923ರಲ್ಲಿ ಕಾಕಿನಾಡದ ಕಾಂಗ್ರೆಸ್ಸಿನಲ್ಲಿ ಹುಟ್ಟಿದ ಸೇವಾದಳಕ್ಕೆ ಹುಬ್ಬಳ್ಳಿಯೇ ಕೇಂದ್ರ. ದೊಡ್ಡಬಳ್ಳಾಪುರದ ಹುಡುಗನು ಅದರ ಖಾದಿಯನ್ನು ಧರಿಸಿದ ದಿನವೇ ಮೈಸೂರಿನ ಗಡಿಯು ಅವನ ಮನಸ್ಸಿನಿಂದ ಅಳಿಸಿಹೋಯಿತೆನ್ನಬೇಕು. ಸ್ವಯಂಸೇವಕನ ಬಾಳೆಂದರೆ ನಡಿಗೆಯ ಬಾಳು. ಊರಿಂದೂರಿಗೆ ಪ್ರಭಾತಫೇರಿ, ಮರದ ನೆರಳಿನಲ್ಲಿ ಸಭೆ, ಯಾರದೋ ಜಗಲಿಯ ಮೇಲೆ ನಿದ್ರೆ. ಕೈಯಲ್ಲಿ ಕುಂಚವಿಲ್ಲದಿದ್ದರೇನು? ಕಣ್ಣಿಗೆ ಯಾರೂ ಬೇಡಿ ತೊಡಿಸಿರಲಿಲ್ಲ. ಚಿತ್ರಕಾರನು ಕೈಯಿಂದ ಬರೆಯುವ ಮುನ್ನ ಕಾಲಿನಿಂದ ಬರೆಯುವನೆಂದು ನಾವು ನಂಬುತ್ತೇವೆ. ಸೆರೆಮನೆಯ ಗೋಡೆಯೊಳಗೆ ತಿಂಗಳುಗಟ್ಟಲೆ ಹಸಿರನ್ನೇ ಕಾಣದೆ ಕೂತವನಿಗೆ ಹೊರಗೆ ಬಂದ ದಿನ ಒಂದು ಮರವು ಹೇಗೆ ಕಂಡೀತೆಂಬುದನ್ನು, ಸೆರೆಯನ್ನು ಕಾಣದ ನಾವು ನೀವು ಹೇಳಲಾರೆವು.

ಮರವೆಂದೊಡನೆ ಅವರ ಚಿತ್ರಗಳ ಮಾತಿಗೆ ಬರಬೇಕು; ಏಕೆಂದರೆ ರುಮಾಲೆಯವರ ಚಿತ್ರಗಳ ನಾಯಕರು ಮನುಷ್ಯರಲ್ಲ, ಮರಗಳು. ಕಬ್ಬನ್ ಪಾರ್ಕಿನ, ಲಾಲ್‌ಬಾಗಿನ, ಬೆಂಗಳೂರಿನ ಸಾಲುಬೀದಿಗಳ ಮರಗಳು. ಈ ಮರಗಳ ಕಥೆಯೂ ಒಂದು ಪ್ರಯಾಣದ ಕಥೆಯೇ. ಜರ್ಮನಿಯಲ್ಲಿ ಹುಟ್ಟಿ, ಲಂಡನಿನ ಕ್ಯೂ ತೋಟದಲ್ಲಿ ಕೆಲಸ ಮಾಡಿ, ಬರೋಡೆಯ ಮಹಾರಾಜರಲ್ಲಿದ್ದು, 1908ರಲ್ಲಿ ಲಾಲ್‌ಬಾಗಿಗೆ ಬಂದ ಕ್ರುಂಬಿಗಲ್ ಎಂಬ ತೋಟಗಾರನು ಈ ಪಟ್ಟಣದಲ್ಲಿ ವರ್ಷದ ಯಾವ ಕಾಲದಲ್ಲಿಯೂ ಯಾವುದಾದರೊಂದು ಬೀದಿ ಹೂಬಿಟ್ಟಿರುವಂತೆ ಮರಗಳನ್ನು ಯೋಜಿಸಿ ನೆಡಿಸಿದನು. ದಕ್ಷಿಣ ಅಮೆರಿಕದ ಜಕರಂಡ, ತಬೆಬುಯಾಗಳು, ಮಡಗಾಸ್ಕರಿನ ಗುಲ್‌ಮೊಹರ್—ನಮ್ಮ ಹುಡುಗರು ಅದರ ಕಾಯಿಯನ್ನು ಹಿಡಿದು ಕತ್ತಿವರಸೆ ಆಡುವುದರಿಂದ ಕತ್ತಿಕಾಯಿ ಮರವೆಂದೂ ಕರೆಯುವುದುಂಟು—ಇವೆಲ್ಲ ಸಮುದ್ರ ದಾಟಿ ಬಂದು ಇಲ್ಲಿಯ ಮಣ್ಣಿನಲ್ಲಿ ಬೇರೂರಿದವು. ಆತನೂ 1956ರಲ್ಲಿ ಬೆಂಗಳೂರಿನಲ್ಲಿಯೇ ಮಣ್ಣಾದನು. ಕನ್ನಡನಾಡು ಒಂದಾದ ವರ್ಷವೂ ಅದೇ. ಪರಕೀಯರ ಆಳ್ವಿಕೆಯನ್ನು ಎದುರಿಸಿ ಸೆರೆಗೆ ಹೋದ ರುಮಾಲೆಯವರು ಈ ಪರದೇಶದ ಮರಗಳನ್ನು ತಮ್ಮವೆಂದು ಅಪ್ಪಿಕೊಂಡುದರಲ್ಲಿ ನಮಗಂತೂ ಯಾವ ವಿರೋಧವೂ ಕಾಣುವುದಿಲ್ಲ.

ಈಗ ಶೈಲಿಯ ವಿಷಯ. ಜಲವರ್ಣದ ಚಿತ್ರಗಳಲ್ಲಿ ಇಂಗ್ಲಿಷರು ನಮಗೆ ಕಲಿಸಿದ ಪದ್ಧತಿಯೊಂದುಂಟು. ಕಾಗದವನ್ನು ತೋಯಿಸಿ, ತೆಳುವಾದ ಬಣ್ಣವನ್ನು ಹರಿಯಬಿಟ್ಟು, ಬೆಳಕಿರುವ ಕಡೆ ಬಿಳಿಯ ಕಾಗದವನ್ನೇ ಬಿಟ್ಟುಬಿಡುವುದು. ಒಮ್ಮೆ ಹಾಕಿದ ಬಣ್ಣದ ಮೇಲೆ ಮತ್ತೆ ಮತ್ತೆ ಕೈಯಿಡದಿರುವುದು. ಮಂಜು ಮೋಡಗಳ ನಾಡಿಗೆ ಹೇಳಿಮಾಡಿಸಿದ ಪದ್ಧತಿ ಇದು. ನಮ್ಮವರೇ ಆದ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದು, ಉದಕಮಂಡಲದ ಬೆಟ್ಟಗಳಿಗೆ ಹೋಗಿ ಬರೆದ ಜಲವರ್ಣಗಳನ್ನು ನೋಡಿದವರು ತೆಳುಬಣ್ಣದ ಮಹಿಮೆಯನ್ನು ಬಲ್ಲರು. ಅಲ್ಲಿ ಮೋಡವೂ ಬಣ್ಣವೂ ಒಂದರೊಳಗೊಂದು ಕರಗುತ್ತವೆ. ಆದರೆ ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಬೆಂಗಳೂರಿನ ಬೀದಿಯಲ್ಲಿ ಹಲಗೆ ಹಿಡಿದು ನಿಂತು ನೋಡಿ! ಕುಂಚವು ನೀರಿನ ಬಟ್ಟಲಿಗೆ ಹೋಗಿ ಬರುವಷ್ಟರಲ್ಲಿ ಕಾಗದ ಒಣಗಿರುತ್ತದೆ. ಮೇಲೆ ಗುಲ್‌ಮೊಹರ್ ಉರಿಯುತ್ತಿರುತ್ತದೆ. ಆ ಬೆಂಕಿಯನ್ನು ತೆಳುನೀರಿನಲ್ಲಿ ಹಿಡಿಯಹೋದರೆ ಅದು ಗುಲಾಬಿ ಶರಬತ್ತಾಗುವುದು.

ರುಮಾಲೆಯವರು ಆ ಪದ್ಧತಿಯನ್ನು ಬಿಟ್ಟರು. ಚಿಕ್ಕ ಚಿಕ್ಕ ಗೆರೆಗಳನ್ನು, ಚುಕ್ಕೆಗಳನ್ನು ಒಂದರ ಪಕ್ಕಕ್ಕೆ ಒಂದು, ಒಂದರ ಮೇಲೊಂದು ಇಡುತ್ತ ಹೋದರು. ಹಸಿರಿನ ಪಕ್ಕದಲ್ಲಿ ನೀಲಿ, ನೀಲಿಯ ಪಕ್ಕದಲ್ಲಿ ಕೆಂಪು. ದೂರ ನಿಂತು ನೋಡಿದರೆ ಇಡೀ ಮರವೇ ಗಾಳಿಗೆ ತೊನೆಯುವಂತೆ ತೋರುವುದು. ಜಲವರ್ಣದಲ್ಲಿ ತೈಲವರ್ಣದ ತೂಕವನ್ನು ತಂದರು, ತೈಲವನ್ನೂ ಬಳಸಿದರು. ಇದೆಲ್ಲ ಒಂದು ದಿನದ ಕೆಲಸವಲ್ಲ. ಸ್ಥಳಕ್ಕೆ ಹೋಗಿ, ನಿಂತು, ಬಿಸಿಲಿನಲ್ಲಿಯೇ ಮುಗಿಸುವ ಕೆಲಸ. ಬಿಸಿಲು ಇವರ ಶೈಲಿಯನ್ನು ತಿದ್ದಿತೆಂದು ನಾವು ಹೇಳಿದರೆ ಅದು ಅಲಂಕಾರದ ಮಾತಲ್ಲ. ಅವರ ಎಲ್ಲ ಚಿತ್ರಗಳೂ ಒಂದೇ ತೂಕದವೆಂದು ನಮ್ಮ ಅಭಿಪ್ರಾಯವಲ್ಲ. ಕೆಲವೆಡೆ ಬಣ್ಣದ ಉತ್ಸಾಹವು ಆಕಾರವನ್ನು ನುಂಗಿದೆ. ಆದರೆ ಒಂದೂ ಕೇಳಿದ ಸಾಕ್ಷ್ಯವಲ್ಲ.

ಕೆಲವರು ಇವರನ್ನು ಹಾಲೆಂಡಿನ ವ್ಯಾನ್ ಗೋ ಎಂಬ ಚಿತ್ರಕಾರನಿಗೆ ಹೋಲಿಸುವುದುಂಟು. ನಮ್ಮವನು ದೊಡ್ಡವನೆಂದು ಹೇಳಬೇಕಾದರೆ ಪಶ್ಚಿಮದ ಒಂದು ಹೆಸರನ್ನು ತಂದು ಅಳತೆಕೋಲು ಮಾಡುವ ಈ ಚಾಳಿ ಸ್ವಾತಂತ್ರ್ಯ ಬಂದ ಇಷ್ಟು ಕಾಲದ ಮೇಲೂ ಬಿಟ್ಟಿಲ್ಲವಲ್ಲ ಎಂದು ನಮಗೆ ಬೇಸರವೇ. ಆದರೂ ಒಂದು ವಿಷಯದಲ್ಲಿ ಹೋಲಿಕೆ ಉಪಯೋಗಕ್ಕೆ ಬರುವುದು. ಆತನು ಚಿತ್ರಕಾರನಾಗುವೆನೆಂದು ನಿಶ್ಚಯಿಸಿದ್ದು 1880ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ. ಶಾಲೆಗಳಲ್ಲಿ ನಿಂತದ್ದು ಅಲ್ಪಕಾಲ. 1885ರಲ್ಲಿ ತನ್ನ ನಾಡಿನ ಬಡ ರೈತರು ಆಲೂಗೆಡ್ಡೆ ತಿನ್ನುವುದನ್ನು ಬರೆದಾಗ ಆತನ ಬಣ್ಣಗಳು ಮಣ್ಣಿನಂತೆ, ಮಸಿಯಂತೆ ಇದ್ದುವು. 1886ರಲ್ಲಿ ಪ್ಯಾರಿಸಿಗೆ ಹೋದನು, ಬಣ್ಣ ತಿಳಿಯಾಯಿತು. 1888ರಲ್ಲಿ ದಕ್ಷಿಣ ಫ್ರಾನ್ಸಿನ ಆರ್ಲ್ ಎಂಬ ಊರಿಗೆ ಹೋಗಿ ಅಲ್ಲಿಯ ಬಿಸಿಲಿನಲ್ಲಿ ನಿಂತನು, ಹಳದಿಯು ಹೊತ್ತಿಕೊಂಡಿತು. ಅದೇ ಕೈ, ಅದೇ ಮನುಷ್ಯ. ಊರು ಬದಲಾದಂತೆ ಚಿತ್ರ ಬದಲಾಯಿತು. ನಮ್ಮ ಕಟ್ಟಿಂಗೇರಿಯ ಕೃಷ್ಣ ಹೆಬ್ಬಾರರು ಮುಂಬಯಿಯ ಜೆ. ಜೆ. ಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿಯೂ ಆದ ಮೇಲೆ ಕೇರಳವನ್ನು, ಯುರೋಪನ್ನು, ಬಾಲಿ ದ್ವೀಪವನ್ನು ಕಂಡು ಬಂದರು. ಅವರ ರೇಖೆಯೂ ಬಣ್ಣವೂ ಪ್ರಯಾಣ ಪ್ರಯಾಣಕ್ಕೆ ಹೊಸದಾದವು. ಶಾಲೆಯಲ್ಲಿ ಪೂರ್ತಿ ಕಲಿತವರಿಗೇ ದಾರಿಯು ಬೇಕಾಯಿತೆಂದ ಮೇಲೆ, ಶಾಲೆಯ ಭಾಗ್ಯವಿಲ್ಲದವರಿಗೆ ಅದೇ ಸರ್ವಸ್ವವಲ್ಲವೇ?

ಇದನ್ನು ಹೇಳಿದೊಡನೆ ನಮ್ಮ ಉಪಾಧ್ಯಾಯ ಮಿತ್ರರು ಮುಗುಳುನಗುವರೆಂದು ಬಲ್ಲೆವು. 'ಸ್ವಾಮೀ, ಬಾಲಿ ದ್ವೀಪವೆಲ್ಲಿ, ನಮ್ಮ ಹೆಗ್ಗನಹಳ್ಳಿಯ ಮಕ್ಕಳೆಲ್ಲಿ? ಇವರ ತಂದೆ ಲೇತಿನ ಮುಂದೆ, ತಾಯಿ ಹೊಲಿಗೆಯಂತ್ರದ ಮುಂದೆ. ಅನೇಕರು ಲಾಲ್‌ಬಾಗನ್ನೇ ಕಂಡಿಲ್ಲ.' ಅಹುದು, ನಮ್ಮ ವಾದವೂ ಅದೇ. ಕಲ್ಯಾಣ ಕರ್ನಾಟಕದಿಂದ ಬಂದ ಮಗುವು ಮಗ್ಗುಲ ಮನೆಯ ಮಂಡ್ಯದ ಮಗುವಿನೊಡನೆ ಆಡುತ್ತದೆ. ಆದರೆ ಇದು ಅದರ ಭೀಮಾ ತೀರವನ್ನು ಕಂಡಿಲ್ಲ, ಅದು ಇದರ ಕಾವೇರಿಯನ್ನು ಕಂಡಿಲ್ಲ. ಇಬ್ಬರೂ ಸೇರಿ ಬೋರ್ಡಿನ ಮೇಲಿನ ಹೆಸರಿಲ್ಲದ ನದಿಯನ್ನು ಬರೆಯುತ್ತಾರೆ! ನಾಡು ಕಾಗದದ ಮೇಲೆ ಒಂದಾಗಿ ಎಷ್ಟೋ ವರ್ಷಗಳು ಕಳೆದವು. ಕಣ್ಣಿನಲ್ಲಿ ಒಂದಾಗಬೇಡವೇ?

ಇನ್ನು ಕೆಲವರು, ಚಿತ್ರ ಬರೆದರೆ ಹೊಟ್ಟೆ ತುಂಬುವುದೇ ಎನ್ನುವರು. ಎಲ್ಲ ಮಕ್ಕಳೂ ಚಿತ್ರಕಾರರಾಗಲೆಂದು ನಾವು ಕೇಳುತ್ತಿಲ್ಲ. ಲೇತಿನ ಮುಂದೆ ನಿಲ್ಲುವವನಿಗೂ ಎದುರಿನ ವಸ್ತುವನ್ನು ಇದ್ದಂತೆ ನೋಡುವ ಕಣ್ಣು ಬೇಕು; ವೈದ್ಯನಿಗೂ ಬೇಕು; ನಮ್ಮ ವೃತ್ತಿಯಲ್ಲಂತೂ ಕಂಡುದನ್ನು ಕಂಡಂತೆ ಹೇಳಬಲ್ಲ ಸಾಕ್ಷಿಯೊಬ್ಬನು ಸಿಕ್ಕುವುದು ಎಷ್ಟು ದುರ್ಲಭವೆಂಬುದನ್ನು ನಾವು ಅನುಭವದಿಂದ ಬಲ್ಲೆವು.

ಬೇಕಾದುದು ಬಹಳವಲ್ಲ. ವಾರದಲ್ಲಿ ಒಂದು ಚಿತ್ರಲೇಖನದ ಗಂಟೆಯಾದರೂ ಕೊಠಡಿಯ ಹೊರಗೆ ನಡೆಯಲಿ. ಶಾಲೆಯ ಗೇಟಿನಲ್ಲಿರುವ ಹೊಂಗೆ ಮರವೇ ಸಾಕು. ಯುಗಾದಿಯ ಮುಂಚೆ ಅದು ಎಲೆ ಉದುರಿಸಿ, ಹೊಸ ತಳಿರು ಬಿಟ್ಟು, ಅನಂತರ ದಟ್ಟ ಹಸಿರಾಗುವುದನ್ನು ತಿಂಗಳಿಗೊಮ್ಮೆ ಬರೆದರೆ ಒಂದೇ ಮರದಿಂದ ಹನ್ನೆರಡು ಚಿತ್ರಗಳಾಗುವುವು. ವಿದ್ಯಾ ಇಲಾಖೆಯವರು ಪ್ರತಿಭಾ ಕಾರಂಜಿಯ ಚಿತ್ರಸ್ಪರ್ಧೆಯಲ್ಲಿ, ಕಂಡು ಬರೆದುದಕ್ಕೆ ಪ್ರತ್ಯೇಕವಾಗಿ ಅಂಕಗಳನ್ನು ಕೊಡಲಿ. ಒಂದೇ ವರ್ಷದಲ್ಲಿ ಆ ಎರಡು ಬೆಟ್ಟಗಳು ಕುಸಿಯುವುವು. ಚಿತ್ರೋಪಾಧ್ಯಾಯರ ಹುದ್ದೆ ಖಾಲಿಯಿರುವ ಶಾಲೆಗಳಲ್ಲಿ ಬೇರೆ ವಿಷಯದ ಮಾಸ್ತರು ಈ ಗಂಟೆಯನ್ನು ನೋಡಿಕೊಳ್ಳುವುದಾದರೂ ಅಡ್ಡಿಯಿಲ್ಲ, ಅವರು ಬೋರ್ಡಿನ ಮೇಲೆ ಏನನ್ನೂ ಬರೆಯದಿದ್ದರಾಯಿತು. ಬೆಂಗಳೂರಿನ ಎಷ್ಟೋ ಸಾಲುಮರಗಳು ರಸ್ತೆಯನ್ನು ಅಗಲ ಮಾಡುವುದರಲ್ಲಿಯೂ ಮೆಟ್ರೋ ಹಾದಿಯಲ್ಲಿಯೂ ಉರುಳಿದವು. ಉಳಿದವುಗಳ ಎದುರಿಗೆ ಮಕ್ಕಳನ್ನು ನಿಲ್ಲಿಸಲು ಮುಹೂರ್ತವನ್ನು ನೋಡುತ್ತ ಕೂರಲಾಗದು.

ಆ ಉಪಾಧ್ಯಾಯ ಮಿತ್ರರೊಡನೆ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಮಾರ್ಚಿ ತಿಂಗಳಲ್ಲಿ, ಜಕರಂಡ ಹೂಬಿಟ್ಟಿರುವಾಗ, ಒಂದು ಶನಿವಾರ ಶಾಲೆ ಮುಗಿದ ಕೂಡಲೇ ಇಪ್ಪತ್ತಾರು ಮಕ್ಕಳನ್ನು ಅವರು ಕಬ್ಬನ್ ಪಾರ್ಕಿಗೆ ಕರೆತರುವರು. ಬಸ್ಸಿನ ವೆಚ್ಚ ನಮ್ಮದು. ಮಧ್ಯಾಹ್ನದ ಚಿತ್ರಾನ್ನವನ್ನು ಮಕ್ಕಳ ತಾಯಂದಿರು ಒಪ್ಪಿಕೊಂಡಿರುವರು. ಹಲಗೆಗಳನ್ನು ಊರಿನ ಬಡಗಿಯೊಬ್ಬರು ಪುಕ್ಕಟೆಯಾಗಿ ಕೊಯ್ದುಕೊಡುವರಂತೆ. ಬಣ್ಣದ ಡಬ್ಬಿಗಳು ಮಾತ್ರ ಈವರೆಗೆ ಹನ್ನೆರಡೇ ಕೂಡಿವೆ.